ವೈಸೆನ್‌ಸೇ ಸ್ಮಶಾನದ ಸಾಕ್ಷ್ಯಚಿತ್ರ: ಖಂಡಿತ ನೋಡಿ, ಸಂಗೀತವನ್ನು ಮಾತ್ರ ಸ್ವಲ್ಪ ಸಹಿಸಿಕೊಳ್ಳಿ

ಬ್ರಿಟಾ ವಾವರ್ ನಿರ್ದೇಶಿಸಿದ ‘ಇನ್ ಹೆವನ್ ಅಂಡರ್‌ಗ್ರೌಂಡ್’ ನೋಡಿದೆ. 2011ರ ಜರ್ಮನ್ ಸಾಕ್ಷ್ಯಚಿತ್ರ, ಸುಮಾರು ಒಂದೂವರೆ ಗಂಟೆ ಇದೆ. ಅದೇ ವರ್ಷ ಬರ್ಲಿನ್ ಚಿತ್ರೋತ್ಸವದ ಪನೋರಮಾ ವಿಭಾಗದಲ್ಲಿ ಪ್ರೇಕ್ಷಕರ ಪ್ರಶಸ್ತಿ ಸಿಕ್ಕಿತ್ತು. ಬರ್ಲಿನ್‌ನ ವೈಸೆನ್‌ಸೇ ಬಡಾವಣೆಯಲ್ಲಿರುವ ಯಹೂದಿ ಸ್ಮಶಾನ, ಅಲ್ಲಿಗೆ ಬಂದು ಹೋಗುವ ಜನ, ಅಷ್ಟೇ ಕಥೆ.

ಬರ್ಲಿನ್, ಯಹೂದಿ, ಸ್ಮಶಾನ ಅಂದ ಕೂಡಲೇ ಮನಸ್ಸು ಹಿಟ್ಲರ್ ಕಡೆಗೆ, ಯಹೂದಿಗಳನ್ನು ಕೂಡಿಹಾಕಿ ಕೊಂದ ಕ್ಯಾಂಪುಗಳ ಕಡೆಗೆ ಓಡುತ್ತದೆ ಅಲ್ವಾ? ಚಿತ್ರ ಅದನ್ನೇನೂ ಮುಚ್ಚಿಡುವುದಿಲ್ಲ. ಆದರೆ ಜಾಸ್ತಿ ಹೊತ್ತು ಬದುಕಿರುವವರ ಜೊತೆಯಲ್ಲೇ ಇರುತ್ತದೆ. ಗುಂಡಿ ತೋಡುವವರು, ಸ್ಮಶಾನದೊಳಗಿನ ಮನೆಯಲ್ಲೇ ಸಂಸಾರ ಮಾಡಿಕೊಂಡಿರುವವರು, ಅಜ್ಜ ಅಜ್ಜಿಯ ಕಲ್ಲು ಹುಡುಕಿಕೊಂಡು ದೂರದ ದೇಶಗಳಿಂದ ಬರುವವರು. ಮರದ ತುದಿಯ ಗೂಡಿನಿಂದ ಗಿಡುಗದ ಮರಿಗಳನ್ನು ಇಳಿಸಿ ಕಾಲಿಗೆ ಗುರುತಿನ ಬಳೆ ಹಾಕುವ ಪಕ್ಷಿತಜ್ಞರೂ ಇದ್ದಾರೆ. ಸ್ಮಶಾನದ ಚಿತ್ರದಲ್ಲಿ ಗಿಡುಗ ಯಾಕೆ ಅಂತ ಕೇಳಬೇಡಿ, ನೋಡಿದರೆ ಗೊತ್ತಾಗುತ್ತದೆ.

ಜಾಗದ ಬಗ್ಗೆ ಸ್ವಲ್ಪ ಹೇಳಲೇಬೇಕು. 42 ಹೆಕ್ಟೇರ್, ಅಂದರೆ ನೂರು ಎಕರೆಗೂ ಜಾಸ್ತಿ. 1880ರಲ್ಲಿ ಶುರುವಾಯಿತು. ಇವತ್ತಿಗೆ ಸುಮಾರು 1,15,000 ಸಮಾಧಿಗಳಿವೆ. ಜರ್ಮನಿಯಲ್ಲಿ ಸಾಮಾನ್ಯವಾಗಿ ಸಮಾಧಿಯ ಜಾಗವನ್ನು ಇಂತಿಷ್ಟು ವರ್ಷ ಅಂತ ಕೊಡುತ್ತಾರೆ, ಅವಧಿ ಮುಗಿದ ಮೇಲೆ ಮನೆಯವರು ಮತ್ತೆ ಹಣ ಕಟ್ಟದಿದ್ದರೆ ಕಲ್ಲು ತೆಗೆದು ಬೇರೆಯವರಿಗೆ ಕೊಡುತ್ತಾರೆ. ಯಹೂದಿಗಳಲ್ಲಿ ಹಾಗಿಲ್ಲ. ಒಮ್ಮೆ ಮಣ್ಣು ಮಾಡಿದರೆ ಆ ಜಾಗ ಎಂದೆಂದಿಗೂ ಸತ್ತವರದ್ದು. ಅದಕ್ಕೇ, ವಾರಸುದಾರರು ಯಾರೂ ಉಳಿಯದ ಸಮಾಧಿಗಳೂ ಇಲ್ಲಿ ಹಾಗೇ ಇವೆ. ಮೇಲೆ ಬಳ್ಳಿ ಹಬ್ಬಿದೆ, ಮರದ ಬೇರು ಕಲ್ಲನ್ನು ಎತ್ತಿ ಓರೆ ಮಾಡಿದೆ. ಚಿತ್ರಕಾರ ಲೆಸ್ಸರ್ ಉರಿ ಇಲ್ಲಿದ್ದಾರೆ, ಪ್ರಕಾಶಕ ಸಾಮುಯೆಲ್ ಫಿಶರ್ ಇದ್ದಾರೆ, ದೊಡ್ಡ ದೊಡ್ಡ ಅಂಗಡಿಗಳನ್ನು ಕಟ್ಟಿದ ಮನೆತನದ ಹರ್ಮನ್ ಟೀಟ್ಸ್ ಇದ್ದಾರೆ. ಮೊದಲ ಮಹಾಯುದ್ಧದಲ್ಲಿ ಜರ್ಮನಿಗಾಗಿ ಸತ್ತ ಯಹೂದಿ ಸೈನಿಕರದ್ದೇ ಒಂದು ಭಾಗವಿದೆ. ಆ ಯುದ್ಧದಲ್ಲಿ ಸುಮಾರು 12,000 ಯಹೂದಿ ಸೈನಿಕರು ಜರ್ಮನಿಯ ಸಮವಸ್ತ್ರದಲ್ಲೇ ಪ್ರಾಣ ಬಿಟ್ಟರು. ಇಪ್ಪತ್ತು ವರ್ಷ ಕಳೆಯುವಷ್ಟರಲ್ಲಿ ಅವರ ಮನೆಯವರ ಕೈಯಿಂದ ಪೌರತ್ವವನ್ನೇ ಕಿತ್ತುಕೊಂಡರು. ಇದನ್ನು ಯೋಚಿಸಿದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ನಾಜಿಗಳ ಕಾಲದಲ್ಲೂ ಈ ಸ್ಮಶಾನ ಮುಚ್ಚಲಿಲ್ಲ. ಯಹೂದಿ ಮಕ್ಕಳನ್ನು ಊರಿನ ಪಾರ್ಕುಗಳಿಗೆ ಸೇರಿಸುತ್ತಿರಲಿಲ್ಲ, ಆಡಲು ಅವರಿಗೆ ಉಳಿದದ್ದು ಇದೇ ಜಾಗ. ಹುಡುಗನಾಗಿದ್ದಾಗ ಇಲ್ಲೇ ಕೆಲಸ ಮಾಡಿದ ಹಿರಿಯರೊಬ್ಬರು ಆ ದಿನಗಳನ್ನು ನೆನೆಯುತ್ತಾ ಮಾತಾಡುತ್ತಾರೆ. ಅಂಥ ಕಾಲದಲ್ಲೂ ಹದಿಹರೆಯದವರು ಹದಿಹರೆಯದವರಾಗಿಯೇ ಇದ್ದರು ಅನ್ನುವುದು ಅವರ ಮಾತಲ್ಲಿ ಗೊತ್ತಾಗುತ್ತದೆ. ನನಗೆ ಇಡೀ ಚಿತ್ರದಲ್ಲಿ ತುಂಬಾ ಹಿಡಿಸಿದ್ದು ಈ ಭಾಗ.

ಇನ್ನೊಂದು, ಆ ದಾಖಲೆ ಪುಸ್ತಕಗಳು. 1880ರಿಂದ ಯಾರನ್ನು ಯಾವ ಸಾಲಿನಲ್ಲಿ ಹೂಳಿದರು ಅನ್ನುವುದೆಲ್ಲ ಕೈಬರಹದಲ್ಲಿದೆ, ಯುದ್ಧ ದಾಟಿ ಉಳಿದುಕೊಂಡಿದೆ. ಹೆಸರು ಹೇಳಿದರೆ ಹುಡುಕಿ ಜಾಗ ತೋರಿಸುತ್ತಾರೆ. ಕುಟುಂಬದ ಒಂದು ಫೋಟೋ ಕೂಡ ಉಳಿಯದವರಿಗೆ ಆ ಒಂದು ಸಾಲು ಎಷ್ಟು ದೊಡ್ಡದು ಅಂತ ಅವರ ಮುಖ ನೋಡಿದರೇ ಸಾಕು.

ಚಿತ್ರದಲ್ಲಿ ಬರುವ ರಬ್ಬಿ (ಯಹೂದಿ ಧರ್ಮಗುರು) ವಿಲಿಯಂ ವೋಲ್ಫ್ ಬಗ್ಗೆ ಬೇರೆಯೇ ಬರೆಯಬಹುದು. 1927ರಲ್ಲಿ ಬರ್ಲಿನ್‌ನಲ್ಲೇ ಹುಟ್ಟಿ, ಚಿಕ್ಕವರಿದ್ದಾಗ ದೇಶ ಬಿಟ್ಟು, ಇಂಗ್ಲೆಂಡಿನಲ್ಲಿ ಪತ್ರಕರ್ತರಾಗಿದ್ದು, ವಯಸ್ಸಾದ ಮೇಲೆ ರಬ್ಬಿಯಾಗಿ ಜರ್ಮನಿಗೇ ಕೆಲಸಕ್ಕೆ ಬಂದವರು. ಸಾವಿನ ಬಗ್ಗೆ ಮಾತಾಡುವಾಗಲೂ ಮುಖದಲ್ಲಿ ನಗು ಇರುತ್ತದೆ. ಅವರು ಬಂದಾಗಲೆಲ್ಲ ಚಿತ್ರಕ್ಕೆ ಜೀವ ಬರುತ್ತದೆ.

ಇನ್ನು ಬೇಸರದ ವಿಷಯ. ಸಂಗೀತ ಜಾಸ್ತಿಯಾಯಿತು. ಎಲೆ ಉದುರುವ ದೃಶ್ಯಕ್ಕೂ ಪಿಟೀಲು, ಜನ ನಡೆದು ಬರುವಾಗಲೂ ಪಿಟೀಲು. ಆ ಮರಗಳ ನಡುವೆ ಸುಮ್ನೆ ಬಿಟ್ಟಿದ್ದರೆ ಹಕ್ಕಿಗಳ ದನಿಯೇ ಸಾಕಿತ್ತು. ಜನ ಒಬ್ಬರಾದ ಮೇಲೊಬ್ಬರು ಬರುತ್ತಲೇ ಇರುತ್ತಾರೆ, ಒಬ್ಬರ ಕಥೆಯಲ್ಲಿ ಮನಸ್ಸು ನಿಲ್ಲುವಷ್ಟರಲ್ಲಿ ಇನ್ನೊಬ್ಬರು. ಕ್ಯಾಂಪಿಗೆ ಕಳಿಸುವ ನೋಟಿಸ್ ಬಂದಾಗ ಎಷ್ಟೋ ಜನ ತಾವೇ ಪ್ರಾಣ ಕಳೆದುಕೊಂಡರು, ಅವರ ಸಮಾಧಿಗಳೂ ಇಲ್ಲಿವೆ. ಆ ವಿಷಯಕ್ಕೆ ಇನ್ನೂ ಸಮಯ ಕೊಡಬೇಕಿತ್ತು. ಯುದ್ಧದ ನಂತರ ಜರ್ಮನಿ ಎರಡಾದಾಗ ಈ ಸ್ಮಶಾನ ಪೂರ್ವ ಜರ್ಮನಿಯ ಪಾಲಾಯಿತು, ಆ ಕಾಲದ ಭಾಗವೂ ನನಗೆ ಸಾಲಲಿಲ್ಲ. ನಾಜಿಗಳು ಅಧಿಕಾರಕ್ಕೆ ಬರುವ ಹೊತ್ತಿಗೆ ಬರ್ಲಿನ್‌ನಲ್ಲಿ ಸುಮಾರು 1,60,000 ಯಹೂದಿಗಳಿದ್ದರು. ಕೊನೆಕೊನೆಗೆ ಪೂರ್ವ ಬರ್ಲಿನ್‌ನ ಯಹೂದಿ ಸಮುದಾಯದಲ್ಲಿ ಉಳಿದವರು ಕೆಲವೇ ನೂರು ಜನ, ಅಷ್ಟು ದೊಡ್ಡ ಸ್ಮಶಾನವನ್ನು ಅವರು ಹೇಗೆ ನೋಡಿಕೊಳ್ಳಬೇಕು? ಅದರ ಮೇಲೆ ಸರ್ಕಾರ ಸ್ಮಶಾನದ ನಡುವೆಯೇ ದೊಡ್ಡ ರಸ್ತೆ ಹಾಯಿಸಲು ಹೊರಟಿತ್ತು, ವಿರೋಧ ಬಂದ ಮೇಲೆ 1986ರಲ್ಲಿ ಕೈಬಿಟ್ಟಿತು. ಇದೊಂದೇ ಇನ್ನೊಂದು ಚಿತ್ರಕ್ಕೆ ಸಾಕು.

ಮಾತು ಹೆಚ್ಚಾಗಿ ಜರ್ಮನ್‌ನಲ್ಲಿದೆ, ಸಬ್‌ಟೈಟಲ್ ಇರುವ ಪ್ರತಿಯನ್ನೇ ಹುಡುಕಿ. ಮನೆಯ ಹಿರಿಯರ ಜೊತೆ ಕೂತು ನೋಡಬಹುದು, ಕಣ್ಣು ಮುಚ್ಚಿಕೊಳ್ಳಬೇಕಾದ ಕ್ರೂರ ದೃಶ್ಯಗಳಿಲ್ಲ. ಬರ್ಲಿನ್‌ನಲ್ಲೇ ಇರುವವರು ಚಿತ್ರ ನೋಡಿದ ಮೇಲೆ ಆ ಜಾಗಕ್ಕೂ ಹೋಗಿ ಬನ್ನಿ. ಶನಿವಾರ ಮುಚ್ಚಿರುತ್ತದೆ, ಗಂಡಸರು ತಲೆಗೆ ಟೋಪಿ ಹಾಕಿಕೊಳ್ಳಬೇಕು. ಇಲ್ಲಿ ಹೂವಿನ ಬದಲು ಸಮಾಧಿಯ ಮೇಲೆ ಪುಟ್ಟ ಕಲ್ಲು ಇಡುವುದು ರೂಢಿ.