ಗ್ಯಾಸ್ ಗಾಡಿಗೂ ಪೆಟ್ರೋಲ್ ಬೇಕು: ಮೂರು ವರ್ಷ ಓಡಿಸಿದ ಮೇಲೆ

ನನ್ನ 2012ರ ವ್ಯಾಗನ್ ಆರ್‌ಗೆ ಎಲ್‌ಪಿಜಿ ಕಿಟ್ ಹಾಕಿಸಿ ಮೂರು ವರ್ಷ ಆಯಿತು. ಇಲ್ಲಿಯವರೆಗೆ 64,000 ಕಿಲೋಮೀಟರ್ ಓಡಿದೆ. ವಿಜಯಪುರದಿಂದ ಬಸವನ ಬಾಗೇವಾಡಿಗೆ ದಿನಾ ನೌಕರಿಗೆ ಹೋಗಿಬರುವುದು, ಎರಡೂ ಕಡೆ ಸೇರಿ 90ರ ಆಸುಪಾಸು. ವಿಜಯಪುರದಲ್ಲೇ ಇರುವ ಮನಗೂಳಿ ಅಗಸಿಯಲ್ಲಿ ಇಬ್ಬರು ಸಹೋದ್ಯೋಗಿಗಳು ಹತ್ತುತ್ತಾರೆ, ಖರ್ಚು ಹಂಚಿಕೊಳ್ಳುತ್ತೇವೆ. ಹಂಚಿಕೊಂಡರೂ ಪೆಟ್ರೋಲ್ ಬಿಲ್ಲು ಕೈಗೆ ಹತ್ತದಂತಾದಾಗ ಹುಬ್ಬಳ್ಳಿಗೆ ಹೋಗಿ ಹಾಕಿಸಿಕೊಂಡು ಬಂದೆ. ಕಿಟ್ಟು, ಟಾಂಕಿ, ಕೂಲಿ, ಆರ್‌ಸಿಯಲ್ಲಿ ಇಂಧನ ಬದಲಾಯಿಸಿದ ಖರ್ಚು ಎಲ್ಲ ಕೂಡಿ 34,000 ರೂಪಾಯಿ. ವಿಮೆ ಕಂಪನಿಗೂ ತಿಳಿಸಿ ಪಾಲಿಸಿಯಲ್ಲಿ ಬರೆಸಿಕೊಂಡಿದ್ದೇನೆ. ಇದನ್ನು ಮಾತ್ರ ಯಾರೂ ಬಿಡಬೇಡಿ.

ಲೀಟರಿಗೆ ಪೆಟ್ರೋಲ್ ಮೇಲೆ 16 ಕೊಡುತ್ತಿದ್ದ ಗಾಡಿ ಗ್ಯಾಸ್ ಮೇಲೆ 13, ಸಾವಕಾಶ ಓಡಿಸಿದರೆ ಹದಿಮೂರೂವರೆ ಕೊಡುತ್ತದೆ. ಆದರೂ ಗ್ಯಾಸ್ ಅಗ್ಗ ಇರುವುದರಿಂದ ತಿಂಗಳಿಗೆ ಮೂರು ಸಾವಿರದ ಮೇಲೆ ಉಳಿಯಿತು. ಹನ್ನೊಂದನೇ ತಿಂಗಳಿಗೆ ಹಾಕಿದ ದುಡ್ಡು ತಿರುಗಿ ಬಂತು.

ಆದರೆ ನನಗೆ ಹಿಡಿಸಿದ್ದು ದುಡ್ಡಿನ ಲೆಕ್ಕಕ್ಕಿಂತ ಬೆಳಗಿನ ಹೊತ್ತು. ನಮ್ಮ ಬಿಸಿಲಿನಲ್ಲಿ ಮಧ್ಯಾಹ್ನ ಗ್ಯಾಸ್ ಹಾಕಿಸಲು ಹೋದರೆ ಟಾಂಕಿ ಕಾದು ಒಳಗಿನ ಒತ್ತಡ ಏರಿರುತ್ತದೆ, ಗ್ಯಾಸ್ ತೆವಳುತ್ತಾ ಹೋಗುತ್ತದೆ. ಅದಕ್ಕೇ ವಾರಕ್ಕೆ ಎರಡು ಸಲ ಆರು ಗಂಟೆಗೇ ಹೊರಡುತ್ತೇನೆ. ಆಟೊಗಳ ಸಾಲಿನ ಹಿಂದೆ ನಿಂತು, ಇಳಿದು, ಚಹಾ ಕುಡಿಯುವಷ್ಟರಲ್ಲಿ ನನ್ನ ಪಾಳಿ ಬರುತ್ತದೆ. ಹುಡುಗ ನಳಿಕೆ ತಿರುಗಿಸಿ ಕೂರಿಸುತ್ತಾನೆ. 34 ಲೀಟರಿನ ಟಾಂಕಿಗೆ 27 ಹೋದ ಕೂಡಲೇ ಒಳಗಿನ ವಾಲ್ವ್ ತಾನೇ ಬಂದ್ ಆಗುತ್ತದೆ, ಮೀಟರ್ ನಿಲ್ಲುತ್ತದೆ. ಕಾದಾಗ ಗ್ಯಾಸ್ ಹಿಗ್ಗುವುದಕ್ಕೆ ಜಾಗ ಬೇಕು, ಆದ್ದರಿಂದ 80 ಪರ್ಸೆಂಟಿನ ಮೇಲೆ ತುಂಬುವಂತಿಲ್ಲ. ನಳಿಕೆ ಬಿಚ್ಚುವಾಗ ಟುಸ್ಸೆಂದು ಬಿಳಿ ಹೊಗೆಯಂತೆ ಒಂದಿಷ್ಟು ಹಾರಿ, ಆ ವಾಸನೆ ಮೂಗಿಗೆ ಬಡಿದರೆ ದಿನ ಶುರುವಾಯಿತು ಅನ್ನಿಸುತ್ತದೆ.

ಗಾಡಿ ಚಾಲೂ ಆಗುವುದು ಪೆಟ್ರೋಲ್ ಮೇಲೆಯೇ. ಎಂಜಿನ್ನಿನ ನೀರು ಬಿಸಿಯಾಗಿ, ದ್ರವ ಗ್ಯಾಸನ್ನು ಆವಿ ಮಾಡುವ ರಿಡ್ಯೂಸರ್ ಕಾದ ಮೇಲೆ ಸ್ಟೇರಿಂಗ್ ಪಕ್ಕದ ದೀಪ ಹಸಿರಾಗುತ್ತದೆ, ಹಿಂದಿನಿಂದ ಸಣ್ಣಗೆ ಟಕ್ ಎಂದು ಕೇಳುತ್ತದೆ. ಬೇಸಿಗೆಯಲ್ಲಿ ನಮ್ಮ ಓಣಿ ದಾಟುವುದರೊಳಗೆ ಕೇಳುವ ಆ ಟಕ್, ಡಿಸೆಂಬರ್ ಚಳಿಯಲ್ಲಿ ಅಗಸಿ ಮುಟ್ಟುವವರೆಗೂ ಕೇಳುವುದಿಲ್ಲ. ಆಮೇಲೆ ಎಂಜಿನ್ ಓಡುವುದೇ ಬೇರೆ, ಮೆತ್ತಗೆ, ಒಂದೇ ಸಮ.

ಇಷ್ಟು ಖುಷಿಯಲ್ಲಿದ್ದ ನಾನು ಪೆಟ್ರೋಲನ್ನು ಮರೆತೇಬಿಟ್ಟೆ. ಚಾಲೂ ಮಾಡಲಿಕ್ಕಷ್ಟೇ ಅಲ್ಲವೇ ಎಂದು ಎರಡು ನೂರು ರೂಪಾಯಿ, ಮುನ್ನೂರು ರೂಪಾಯಿ ಹಾಕಿಸುತ್ತಿದ್ದೆ. ಮುಳ್ಳು ಸದಾ ಕೆಂಪಿನ ಮೇಲೆಯೇ ಇರುತ್ತಿತ್ತು. ಎರಡನೇ ವರ್ಷದ ಮೇ ತಿಂಗಳು, ಸಂಜೆ ಬಾಗೇವಾಡಿಯಿಂದ ಬರುವಾಗ ದಾರಿಯಲ್ಲಿ ಸಿಗುವ ಮನಗೂಳಿ ಊರಲ್ಲಿ ಚಹಾಕ್ಕೆ ನಿಲ್ಲಿಸಿದೆವು. ತಿರುಗಿ ಬಂದು ಚಾವಿ ತಿರುಗಿಸಿದರೆ ಎಂಜಿನ್ ಸುತ್ತುತ್ತದೆ, ಹತ್ತುವುದಿಲ್ಲ. ಹಿಂದಿನ ಸೀಟಿನ ಕೆಳಗಿನಿಂದ ಬರುವ ಗುಂಯ್ ಸಪ್ಪಳವೂ ಇಲ್ಲ. ಟಾಂಕಿಯಲ್ಲಿ ಗ್ಯಾಸ್ ಅರ್ಧಕ್ಕಿಂತ ಹೆಚ್ಚಿತ್ತು, ಇದ್ದೂ ಉಪಯೋಗವಿಲ್ಲ. ಮುಕ್ಕಾಲು ತಾಸು ಬಿಸಿಲಲ್ಲಿ ನಿಂತೆವು.

ಕೊನೆಗೆ ಬಂದವನು ಒಬ್ಬ ಆಟೊದವನು. ದೀಪದ ಪಕ್ಕದ ಬಟನ್ ನೋಡಿ, "ಸರ್, ಇದನ್ನ ಒತ್ತಿ ಹಿಡೀರಿ, ಬಿಡಬ್ಯಾಡ್ರಿ, ಹಂಗ ಚಾವಿ ತಿರುವ್ರಿ" ಅಂದ. ಒತ್ತಿ ಹಿಡಿದೆ. ಹಸಿರು ದೀಪ ಹತ್ತಿತು, ಎರಡನೇ ಸಲಕ್ಕೆ ಗಾಡಿ ನೇರವಾಗಿ ಗ್ಯಾಸ್ ಮೇಲೆಯೇ ಚಾಲೂ ಆಯಿತು. ದುಡ್ಡು ಕೊಡಲು ಹೋದರೆ ಮುಟ್ಟಲಿಲ್ಲ.

ಮರುದಿನ ಮೆಕ್ಯಾನಿಕ್, ಪೆಟ್ರೋಲ್ ಟಾಂಕಿಯಿಂದ ಎಂಜಿನ್ನಿಗೆ ಪೆಟ್ರೋಲ್ ಕಳಿಸುವ ಪಂಪ್ ಬಿಚ್ಚಿ ತೋರಿಸಿದರು, ಆ ಗುಂಯ್ ಸಪ್ಪಳ ಅದರದ್ದೇ, ಸುಟ್ಟು ಹೋಗಿತ್ತು. ನನ್ನ ಗಾಡಿಯಲ್ಲಿ ಗ್ಯಾಸ್ ಮೇಲೆ ಓಡುವಾಗ ಬಂದ್ ಆಗುವುದು ಎಂಜಿನ್ನಿಗೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಮಾತ್ರ, ಟಾಂಕಿಯೊಳಗಿನ ಪಂಪ್ ತಿರುಗುತ್ತಲೇ ಇರುತ್ತದೆ. ಅದು ಪೆಟ್ರೋಲಿನಲ್ಲಿ ಮುಳುಗಿದ್ದರೆ ತಂಪಾಗಿರುತ್ತದೆ. ತಳದಲ್ಲಿ ಎರಡು ಲೀಟರ್ ಬಿಟ್ಟು ದಿನಕ್ಕೆ 90 ಕಿಲೋಮೀಟರ್ ಓಡಿಸಿದರೆ ಅದು ಎಷ್ಟು ದಿನ ತಾಳೀತು? ಹೊಸ ಪಂಪ್, ಕೂಲಿ ಸೇರಿ 6,200 ರೂಪಾಯಿ. ಎರಡು ತಿಂಗಳ ಉಳಿತಾಯ ಒಂದೇ ಏಟಿಗೆ ಹೋಯಿತು.

ನನ್ನ ಸಿಟ್ಟು ಇರುವುದು ಇಲ್ಲಿಯೇ. 34,000 ಎಣಿಸಿಕೊಂಡ ಜಾಗದಲ್ಲಿ ಈ ಎರಡು ಮಾತು ಯಾರೂ ಹೇಳಲಿಲ್ಲ. ಪೆಟ್ರೋಲ್ ಖಾಲಿ ಬಿಡಬೇಡಿ ಎಂದೂ ಹೇಳಲಿಲ್ಲ, ಆ ಬಟನ್ ತೋರಿಸಲೂ ಇಲ್ಲ. ಫೋನ್ ಮಾಡಿ ಕೇಳಿದರೆ "ಅದು ಎಲ್ಲರಿಗೂ ಗೊತ್ತಿರ್ತದರಿ" ಎಂದರು. ನನಗೆ ಗೊತ್ತಿರಲಿಲ್ಲ. ಪಕ್ಕದಲ್ಲಿ ಕೂತಿದ್ದ ಇಬ್ಬರಿಗೂ ಗೊತ್ತಿರಲಿಲ್ಲ.

ಆವತ್ತಿನಿಂದ ಹತ್ತು ಲೀಟರಿಗಿಂತ ಕೆಳಗೆ ಇಳಿಯಲು ಬಿಟ್ಟಿಲ್ಲ. ಶನಿವಾರ ಮನಗೂಳಿಯವರೆಗೆ ಪೆಟ್ರೋಲ್ ಮೇಲೆಯೇ ಓಡಿಸುತ್ತೇನೆ, ಹಳೇ ಪೆಟ್ರೋಲ್ ಟಾಂಕಿಯಲ್ಲೇ ಕೊಳೆಯಬಾರದು, ಇಂಜೆಕ್ಟರೂ ಕಟ್ಟಬಾರದು. ಅದಕ್ಕೆ ಉಳಿತಾಯ ಸ್ವಲ್ಪ ಇಳಿದಿದೆ, ಇಳಿಯಲಿ. ಉಳಿದಂತೆ ಗ್ಯಾಸ್ ಫಿಲ್ಟರ್, ಪ್ಲಗ್ ಬಿಟ್ಟರೆ ಬೇರೆ ಖರ್ಚು ಬಂದಿಲ್ಲ. ಸ್ಟೆಪ್ನಿಯ ಗುಂಡಿಯಲ್ಲಿ ದುಂಡನೆಯ ಟಾಂಕಿ ಕೂತಿರುವುದರಿಂದ ಸ್ಟೆಪ್ನಿ ಡಿಕ್ಕಿಗೆ ಬಂದಿದೆ. ಊರಿಂದ ಜೋಳದ ಚೀಲ ತರುವಾಗ ಅದೊಂದು ತಾಪತ್ರಯ.

ತಿಂಗಳಿಗೆ ಐನೂರು ಕಿಲೋಮೀಟರ್ ಓಡಿಸುವವರು ಈ ಕೆಲಸಕ್ಕೆ ಕೈ ಹಾಕಬೇಡಿ, ಹಾಕಿದ ದುಡ್ಡು ಬರಲು ವರ್ಷಗಟ್ಟಲೆ ಬೇಕು. ದಿನಾ ಊರೂರು ತಿರುಗುವವರು ಧಾರಾಳವಾಗಿ ಹಾಕಿಸಿ. ಹೋದ ತಿಂಗಳು ನಮ್ಮ ಸೋದರಮಾವ ಹಾಕಿಸಿದರು, ನಾನೂ ಜೊತೆಗೆ ಹೋಗಿದ್ದೆ. ದುಡ್ಡು ಕೊಡುವ ಮೊದಲು ಫಿಟ್ಟರ್ ಎದುರಿಗೇ ಮಾವನ ಕೈಯಿಂದ ಬಟನ್ ಒತ್ತಿ ಹಿಡಿಸಿ, ಗ್ಯಾಸ್ ಮೇಲೆ ಚಾಲೂ ಮಾಡಿಸಿದೆ. ಬರುವ ದಾರಿಯಲ್ಲಿ ಹತ್ತು ಲೀಟರ್ ಪೆಟ್ರೋಲ್ ಹಾಕಿಸಿಕೊಂಡು ಬಂದೆವು.