ಸಕಲೇಶಪುರದಲ್ಲಿ ತಗೊಂಡ ಗಮ್ ಬೂಟು, ಒಂದು ಮಳೆಗಾಲ ಪೂರ್ತಿ ಹಾಕಿದ ಮೇಲೆ

ಜೂನ್ ಮೊದಲ ವಾರ ನಾಲ್ಕು ಜೊತೆ ಗಮ್ ಬೂಟು ತಗೊಂಡ್ವಿ. ಈಗ ಅಕ್ಟೋಬರ್, ಮಳೆ ಒಂದು ಹದಕ್ಕೆ ಬಂದಿದೆ, ಬೂಟಿನ ಹಣೆಬರಹನೂ ಗೊತ್ತಾಗಿದೆ, ಅದಕ್ಕೆ ಬರೀತಿದೀನಿ. ನಮ್ಮದು ಹೆತ್ತೂರು ಕಡೆ, ನಾಲ್ಕು ಎಕರೆ ಕಾಫಿ, ಒಂದೂವರೆ ಎಕರೆ ಗದ್ದೆ, ಎರಡು ಹಸು. ಬೂಟು ಕಪ್ಪು ಪಿವಿಸಿದು, ಮೊಣಕಾಲಿಗಿಂತ ನಾಲ್ಕು ಬೆರಳು ಕೆಳಗೆ ನಿಲ್ಲುತ್ತೆ, ಒಳಗೆ ತೆಳು ಬಟ್ಟೆ ಲೈನಿಂಗು, ಒಂದು ಜೊತೆಗೆ 520 ರೂಪಾಯಿ. ಸಕಲೇಶಪುರ ಪೇಟೆಲಿ ಗೊಬ್ಬರ, ಔಷಧಿ, ಸ್ಪ್ರೇಯರ್ ಪಂಪು ಎಲ್ಲಾ ಮಾರೋ ಅಂಗಡಿಲಿ ತಗೊಂಡಿದ್ದು.

ಯಾಕೆ ತಗೊಂಡ್ವಿ ಅಂತ ಹೇಳ್ದೆ ಬೂಟಿನ ವಿಚಾರ ಹೇಳಿದ್ರೆ ಅರ್ಥ ಆಗಲ್ಲ. ಹೋದ ವರ್ಷ ಆಶ್ಲೇಷಾ ಮಳೆಲಿ ಕೊಟ್ಟಿಗೆ ಕೆಳಗಿನ ಚರಂಡಿ ಕಟ್ಕೊಂಡಿತ್ತು, ನಮ್ಮನೆಯವರು ಹವಾಯಿ ಚಪ್ಪಲಿಲೇ ಇಳಿದು ಅರ್ಧ ದಿನ ಕೆಸರು ಎತ್ತಿದ್ರು. ಆ ಜಾಗದಲ್ಲಿ ಹೆಗ್ಗಣದ ಬಿಲ ಸಾಲಾಗಿವೆ, ಅದರ ಕೆಳಗಿನ ಗದ್ದೆ ಮೂಲೆಲಿ ಕಾಡುಹಂದಿ ರಾತ್ರಿ ಬಂದು ಹೊರಳಾಡಿ ಹೋಗ್ತವೆ. ಕಾಲಲ್ಲಿ ಹಿಂದಿನ ದಿನ ಕತ್ತಿ ತಾಗಿ ಆದ ಸಣ್ಣ ಗಾಯ ಇತ್ತು. ಒಂದು ಗೆರೆ ಅಷ್ಟೆ, ಅದಕ್ಕೆ ಯಾರು ಬ್ಯಾಂಡೇಜ್ ಹಾಕ್ತಾರೆ ಹೇಳಿ. ಹತ್ತನೇ ದಿನಕ್ಕೆ ಚಳಿ ಜ್ವರ, ತಲೆ ಸಿಡಿಯೋ ಅಷ್ಟು ನೋವು, ಮೀನಖಂಡ ಮುಟ್ಟಿಸ್ಕೊಳ್ತಾ ಇರ್ಲಿಲ್ಲ, ಕಣ್ಣು ಕೆಂಪಗೆ ಕೆಂಡ. ಮೊದಲು ತೋರಿಸಿದ ಕಡೆ ವೈರಲ್ ಜ್ವರ ಅಂತ ಇಂಜೆಕ್ಷನ್ ಕೊಟ್ಟು ಕಳಿಸಿದ್ರು, ಡೆಂಗಿ ಟೆಸ್ಟ್ ಮಾಡಿದ್ರೆ ಇಲ್ಲ ಅಂತ ಬಂತು, ಅಕ್ಕಪಕ್ಕದವರು ಮಂಗನ ಕಾಯಿಲೆ ಇರ್ಬೇಕು ಅಂತ ಹೆದರಿಸಿದ್ರು. ಜ್ವರ ಬಂದ ಆರನೇ ದಿನ ಬೆಳಿಗ್ಗೆ ಕಣ್ಣಿನ ಬಿಳಿ ಭಾಗ ಅರಿಶಿನ ಆಗಿತ್ತು, ಮೂತ್ರ ಕಡಿಮೆ ಆಗಿತ್ತು. ಅವತ್ತು ಹಾಸನಕ್ಕೆ ಕಾರಲ್ಲಿ ಕರ್ಕೊಂಡು ಹೋಗಿದ್ದು ನೆನೆಸ್ಕೊಂಡ್ರೆ ಈಗ್ಲೂ ಕೈ ನಡುಗುತ್ತೆ.

ಅಲ್ಲಿ ಡಾಕ್ಟ್ರು ಕೇಳಿದ ಮೊದಲ ಪ್ರಶ್ನೆ, ಗದ್ದೆಗೆ, ಕೊಟ್ಟಿಗೆಗೆ ಇಳೀತೀರಾ, ಕಾಲಲ್ಲಿ ಗಾಯ ಇತ್ತಾ ಅಂತ. ಇತ್ತು ಅಂದ ತಕ್ಷಣ ರಿಪೋರ್ಟಿಗೆ ಕಾಯದೆ ಔಷಧಿ ಶುರು ಮಾಡಿದ್ರು. ಆಮೇಲೆ ರಕ್ತ ಪರೀಕ್ಷೆಲಿ ಇಲಿ ಜ್ವರ ಅಂತನೇ ಬಂತು. ಒಂಬತ್ತು ದಿನ ಅಡ್ಮಿಟ್, ಡಯಾಲಿಸಿಸ್ ಹಂತಕ್ಕೆ ಹೋಗದೆ ಉಳ್ಕೊಂಡ್ರು. ಮೊದಲನೇ ಪ್ರಶ್ನೆನೇ ಸರಿಯಾಗಿ ಕೇಳೋ ಡಾಕ್ಟ್ರು ಸಿಕ್ಕಿದ್ದು ನಮ್ಮ ಪುಣ್ಯ.

ಇಲಿ ಜ್ವರ ಅಂದ್ರೆ ಲೆಪ್ಟೋಸ್ಪೈರಾ ಅನ್ನೋ ಬ್ಯಾಕ್ಟೀರಿಯಾದಿಂದ ಬರೋದು. ಹೆಸರಲ್ಲಿ ಇಲಿ ಇದೆ ಅಂತ ಇಲಿ ಒಂದರಿಂದ್ಲೇ ಅಲ್ಲ, ಹೆಗ್ಗಣ, ಕಾಡುಹಂದಿ, ಜಿಂಕೆ, ನಾಯಿ, ದನ ಎಲ್ಲದರ ಕಿಡ್ನಿಲೂ ಇದು ಮನೆ ಮಾಡ್ಕೊಂಡಿರಬಹುದು, ಇಲಿಗಂತೂ ಏನೂ ಆಗಲ್ಲ, ಆರಾಮಾಗಿ ಓಡಾಡ್ಕೊಂಡು ಮೂತ್ರದಲ್ಲಿ ಬಿಡ್ತಾ ಇರುತ್ತೆ. ಆ ಮೂತ್ರ ಸೇರಿದ ನೀರು, ಒದ್ದೆ ಮಣ್ಣಲ್ಲಿ ವಾರಗಟ್ಟಲೆ ಬದುಕಿರುತ್ತೆ, ಒಣಗಿದ್ರೆ ಸಾಯುತ್ತೆ. ನಮ್ಮ ಮಲೆನಾಡಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಒಣಗೋದು ಅಂತ ಏನಿರುತ್ತೆ? ಗಾಯ, ಗೀರು, ನೀರಲ್ಲಿ ನೆಂದು ಮೆತ್ತಗಾದ ಚರ್ಮ, ಕಣ್ಣು, ಬಾಯಿ, ಇಲ್ಲೆಲ್ಲಾ ಒಳಗೆ ಹೋಗುತ್ತೆ. ಸಾಮಾನ್ಯವಾಗಿ 5ರಿಂದ 14 ದಿನದಲ್ಲಿ ಜ್ವರ ಕಾಣಿಸ್ಕೊಳ್ಳುತ್ತೆ, ಕೆಲವರಿಗೆ ತಿಂಗಳ ತನಕನೂ ಆಗುತ್ತೆ. ಅದಕ್ಕೇ ಯಾವತ್ತು ಕೆಸರಿಗೆ ಇಳಿದಿದ್ವಿ ಅನ್ನೋದು ಜ್ವರ ಬಂದಾಗ ಯಾರಿಗೂ ನೆನಪಿರಲ್ಲ. ನಮ್ಮನೆಯವರಿಗೆ ಹೆಗ್ಗಣದಿಂದ ಬಂತೋ ಹಂದಿಯಿಂದ ಬಂತೋ ನಮ್ಮನೆ ನಾಯಿಯಿಂದ್ಲೇ ಬಂತೋ ಹೇಳಕ್ಕಾಗಲ್ಲ ಅಂದ್ರು ಡಾಕ್ಟ್ರು. 1915ರಲ್ಲಿ ಜಪಾನಲ್ಲಿ ಈ ಬ್ಯಾಕ್ಟೀರಿಯಾನ ಕಂಡುಹಿಡಿದಾಗ ಅಲ್ಲಿ ಕಾಯಿಲೆ ಬೀಳ್ತಾ ಇದ್ದಿದ್ದು ನೀರು ನಿಂತ ಕಲ್ಲಿದ್ದಲು ಗಣಿಲಿ ದುಡಿಯೋರು ಅಂತ ಆಮೇಲೆ ಓದಿದೆ. ಎಲ್ಲಿ ಹೋದ್ರೂ ಕೆಸರಲ್ಲಿ ನಿಂತು ದುಡಿಯೋರಿಗೇ ಈ ಕಾಯಿಲೆ.

ಇನ್ನು ಬೂಟು. ಚರಂಡಿ ಬಿಡಿಸಕ್ಕೆ, ಕೊಟ್ಟಿಗೆ ತೊಳಿಯಕ್ಕೆ, ಗೊಬ್ಬರದ ಗುಂಡಿ ಹತ್ರ, ಕಾಫಿ ತೋಟದಲ್ಲಿ ಮಳೆ ನೀರು ಇಂಗಕ್ಕೆ ತೆಗೆಯೋ ತೊಟ್ಟಿಲು ಗುಂಡಿ ಮಣ್ಣೆತ್ತಕ್ಕೆ, ಕಳೆ ಹೊಡಿಯಕ್ಕೆ, ಈ ಎಲ್ಲಾ ಕೆಲಸಕ್ಕೆ ಕಣ್ಣು ಮುಚ್ಚಿ ತಗೊಬಹುದು. ಅಡಿ ಹಿಡಿತ ಚೆನ್ನಾಗಿದೆ, ಪಾಚಿ ಕಟ್ಟಿದ ಕಲ್ಲಂಗಳದಲ್ಲೂ ಜಾರ್ಲಿಲ್ಲ. ಇಂಬಳದ ಕಾಟ ಮುಕ್ಕಾಲು ಪಾಲು ಕಡಿಮೆ ಆಯ್ತು, ಇದು ನಾವು ಲೆಕ್ಕ ಹಾಕ್ದೆ ಸಿಕ್ಕಿದ ಲಾಭ. ಇಂಬಳ ಕಚ್ಚಿದ ಜಾಗ ಕೆರೆದು ಕೆರೆದು ಗಾಯ ಆಗೋದು ತಪ್ಪಿತು ಅಂದ್ರೆ ರೋಗಕ್ಕೆ ಒಂದು ಬಾಗಿಲು ಮುಚ್ಚಿದಂಗೇ ಅಲ್ವಾ.

ಆದ್ರೆ ನಾಟಿ ಗದ್ದೆಗೆ ಇದು ಆಗಲ್ಲ. ಮೊದಲ ದಿನವೇ ಗೊತ್ತಾಯ್ತು, ಉತ್ತು ಹದ ಮಾಡಿದ ಕೆಸರಲ್ಲಿ ಕಾಲಿಟ್ರೆ ಬೂಟು ಅಲ್ಲೇ ಕಚ್ಕೊಂಡು ಕಾಲು ಮಾತ್ರ ಮೇಲೆ ಬರುತ್ತೆ, ಮೇಲಿಂದ ಕೆಸರು ನೀರು ಒಳಗೆ ತುಂಬ್ಕೊಳ್ಳುತ್ತೆ. ಸಸಿ ನೆಡೋ ಹೆಂಗಸರು ಅರ್ಧ ಗಂಟೆಲಿ ಬಿಚ್ಚಿ ಬದುವಿನ ಮೇಲಿಟ್ರು, ಅವರನ್ನ ತಪ್ಪು ಅನ್ನಕ್ಕಾಗಲ್ಲ. ನಾಟಿ ದಿನ ಈಗ ನಾವು ಮಾಡೋದು ಇಷ್ಟೇ, ಬೆಳಿಗ್ಗೆ ಎಲ್ಲರ ಕೈಕಾಲು ನೋಡೋದು, ಗಾಯ ಇದ್ದೋರಿಗೆ ಅವತ್ತು ಗದ್ದೆ ಕೆಲಸ ಇಲ್ಲ, ಅದೇ ಕೂಲಿಗೆ ಮೇಲೆ ಬೇರೆ ಕೆಲಸ ಕೊಡ್ತೀವಿ. ಮಧ್ಯಾಹ್ನ ಊಟಕ್ಕೆ ಬಂದಾಗ ಸೋಪು ಹಾಕಿ ಬೋರ್‌ವೆಲ್ ನೀರಲ್ಲೇ ಕೈಕಾಲು ತೊಳಿಬೇಕು, ತೋಡಿನ ನೀರಲ್ಲಿ ಮುಖ ತೊಳಿಯಂಗಿಲ್ಲ.

ದೊಡ್ಡ ತಕರಾರು ಅಳತೆದು. ಅಂಗಡಿಲಿ 7ಕ್ಕಿಂತ ಕೆಳಗಿನ ಸೈಜೇ ಇರ್ಲಿಲ್ಲ. ನಮ್ಮಲ್ಲಿ ಕೆಲಸಕ್ಕೆ ಬರೋ ಆರು ಜನದಲ್ಲಿ ನಾಲ್ಕು ಜನ ಹೆಂಗಸರು, ಅವರ ಕಾಲು 4, 5. ಕೊಟ್ಟಿಗೆ ಕೆಲಸ ಮಾಡೋ ಅಕ್ಕನಿಗೆ 7 ಕೊಟ್ರೆ ಎರಡು ಸಾಕ್ಸ್ ಹಾಕ್ಕೊಂಡ್ರೂ ಒಳಗೆ ಕಾಲು ಆಡ್ತಾ ಇತ್ತು, ಹಿಮ್ಮಡಿ ಉಜ್ಜಿ ಗುಳ್ಳೆ ಎದ್ದು ಒಡೀತು. ಗಾಯ ಆಗದಿರ್ಲಿ ಅಂತ ಕೊಟ್ಟ ಬೂಟಿಂದ್ಲೇ ಗಾಯ ಆದ್ರೆ ಹೇಗಿರುತ್ತೆ ಹೇಳಿ, ನಂಗೆ ಬಹಳ ಬೇಜಾರಾಯ್ತು. ಸಗಣಿ ಬಾಚೋದು, ಗಂಜಲ ತೊಳಿಯೋದು, ನಾಟಿ, ಕಳೆ, ಅತಿ ಹೆಚ್ಚು ಹೊತ್ತು ಒದ್ದೆಲಿರೋದು ಹೆಂಗಸರು, ಬೂಟು ಮಾತ್ರ ಗಂಡಸರ ಕಾಲಿಗೆ ಮಾಡ್ತಾರೆ. ಅಂಗಡಿಯವರಿಗೆ ಹೇಳಿದ್ದಕ್ಕೆ, ಯಾರೂ ಕೇಳಲ್ಲಮ್ಮ ಅದಕ್ಕೆ ತರಿಸಲ್ಲ ಅಂದ್ರು. ದಯವಿಟ್ಟು ಎಲ್ಲರೂ ಕೇಳಿ.

ಎರಡನೇದು, ಒಂದು ಜೊತೆ ಆಗಸ್ಟ್ ಕೊನೆಗೆ ಪಾದ ಮಡಚೋ ಜಾಗದಲ್ಲಿ ಸೀಳು ಬಿಡ್ತು. ಕೂದಲೆಳೆ ಸೀಳು, ಹೊರಗಿಂದ ಕಾಣ್ತಾನೇ ಇರ್ಲಿಲ್ಲ, ಸಂಜೆ ಬಿಚ್ಚಿದಾಗ ಸಾಕ್ಸ್ ಹಿಂಡಿದ್ರೆ ನೀರು. ಸೀಳಿದ ಬೂಟು ಬರಿಗಾಲಿಗಿಂತ ಕೆಟ್ಟದ್ದು ಅಂತ ನನ್ನ ಅನಿಸಿಕೆ, ಕೊಳಕು ನೀರಲ್ಲೇ ಕಾಲು ದಿನವಿಡೀ ನೆನೀತಾ ಇರುತ್ತೆ, ಒಳಗೆ ನೀರಿದೆ ಅಂತ ಬೆವರಿನ ಮಧ್ಯೆ ಗೊತ್ತೂ ಆಗಲ್ಲ. ವಾರಕ್ಕೊಂದು ಸಲ ಬೂಟೊಳಗೆ ನೀರು ತುಂಬಿಸಿ ಹೊರಗೆ ಸೋರುತ್ತಾ ನೋಡಿ, ಪಂಚರ್ ಅಂಗಡಿಲಿ ಟ್ಯೂಬ್ ನೋಡ್ತಾರಲ್ಲ ಹಂಗೆ. ಗ್ಯಾರಂಟಿ ಅಂತ ಏನೂ ಇಲ್ಲದಿದ್ರೂ ಅಂಗಡಿಯವರು ಅರ್ಧ ದುಡ್ಡಿಗೆ ಇನ್ನೊಂದು ಜೊತೆ ಕೊಟ್ರು, ಅದು ಅವರ ದೊಡ್ಡತನ.

ಒಣಗಿಸೋದು ಒಂದು ಕೆಲಸನೇ. ಬೆವರಿಗೆ ಲೈನಿಂಗ್ ಒದ್ದೆ ಆದ್ರೆ ಮಳೆಗಾಲದಲ್ಲಿ ಎರಡು ದಿನ ಆದ್ರೂ ಒಣಗಲ್ಲ, ವಾಸನೆ ಬರುತ್ತೆ, ಬೆರಳ ಸಂದಿ ಕೊಳೆಯುತ್ತೆ. ನಾವು ಬಚ್ಚಲು ಒಲೆ ಹತ್ರ ಎರಡು ಗೂಟ ನೆಟ್ಟು ತಲೆಕೆಳಗೆ ಸಿಗಿಸ್ತೀವಿ, ತೀರಾ ಹತ್ರ ಇಟ್ರೆ ಪಿವಿಸಿ ಬಿರುಸಾಗಿ ಬೇಗ ಸೀಳುತ್ತೆ, ಒಂದು ಮಾರು ದೂರ ಇರ್ಲಿ. ಬೆಳಿಗ್ಗೆ ಹಾಕೋ ಮೊದಲು ಬಡಿದು ಕೊಡವಿ, ನಮಗೆ ಎರಡು ಸಲ ಚೇಳು ಸಿಕ್ಕಿದೆ.

ಕೆಲವರು ಕೇಳಿದ್ರು, ಮಂಗನ ಕಾಯಿಲೆಗೂ ಇದು ಆಗುತ್ತಾ ಅಂತ. ಅದು ಬೇರೆ, ವೈರಸ್‌ನಿಂದ ಬರೋದು, ಉಣುಗು ಕಚ್ಚಿ ಹರಡೋದು, ಹೆಚ್ಚಾಗಿ ಮಳೆ ನಿಂತ ಮೇಲೆ ಡಿಸೆಂಬರ್‌ನಿಂದ ಮೇ ತನಕ, ನಮ್ಮ ಪಕ್ಕದ ಚಿಕ್ಕಮಗಳೂರು ಜಿಲ್ಲೆಲಿ ಕೊಪ್ಪ, ಎನ್.ಆರ್.ಪುರ ಕಡೆಯವರಿಗೆ ಚೆನ್ನಾಗಿ ಗೊತ್ತು. ಪ್ಯಾಂಟ್ ಬೂಟೊಳಗೆ ಸೇರಿಸಿ ಹಾಕಿದ್ರೆ ಉಣುಗು ಹತ್ತೋದು ಕಡಿಮೆ ಆಗುತ್ತೆ, ಆದ್ರೆ ಉಣುಗು ಹತ್ತದಂಗೆ ಆರೋಗ್ಯ ಇಲಾಖೆಯವರು ಕೊಡೋ ಡೀಪಾ ಎಣ್ಣೆನೂ ಹಚ್ಕೊಳ್ಳಲೇಬೇಕು. ಸ್ಕ್ರಬ್ ಟೈಫಸ್ ಅಂತ ಇನ್ನೊಂದಿದೆ, ಅದು ಬ್ಯಾಕ್ಟೀರಿಯಾನೇ, ಕಾಡಿಲಿಗಳ ಮೇಲೆ, ಪೊದೆ ಹುಲ್ಲಲ್ಲಿ ಇರೋ ಕಣ್ಣಿಗೆ ಕಾಣದಷ್ಟು ಸಣ್ಣ ನುಸಿ ಮರಿ ಕಚ್ಚಿ ಬರೋದು, ಕಚ್ಚಿದ ಜಾಗದಲ್ಲಿ ಎಷ್ಟೋ ಜನಕ್ಕೆ ಕಪ್ಪು ಹೆಕ್ಕಳ ಆಗುತ್ತೆ. ಜ್ವರ ಬಂದಾಗ ಕಂಕುಳು, ಸೊಂಟ ಎಲ್ಲಾ ಹುಡುಕಿ ನೋಡಿ ಡಾಕ್ಟ್ರಿಗೆ ತೋರಿಸಿ.

ಒಂದು ವಿಷಯಕ್ಕೆ ಮಾತ್ರ ಬೂಟು ನಂಬಬೇಡಿ. ಜುಲೈಲಿ ತೋಡಿನ ಪಕ್ಕ ಒಂದು ಕಡವೆ ಸತ್ತು ಬಿದ್ದಿತ್ತು, ಬೂಟು ಇದೆಯಲ್ಲ ಎಳೆದು ಹೂತುಬಿಡೋಣ ಅಂತ ಹುಡುಗರು ಹೊರಟಿದ್ರು. ನಾನು ಬಿಡ್ಲಿಲ್ಲ, ಅರಣ್ಯ ಇಲಾಖೆಗೆ ಫೋನ್ ಮಾಡಿಸಿದೆ. ಆಂಥ್ರಾಕ್ಸ್ ಇದ್ದ ಪ್ರಾಣಿ ಆಗಿದ್ರೆ ಅದನ್ನ ಸೀಳಿದ್ರೆ, ಎಳೆದಾಡಿದ್ರೆ ಆ ಬ್ಯಾಕ್ಟೀರಿಯಾದ ಬೀಜಕಣ ಮಣ್ಣಲ್ಲಿ ಸೇರಿ ಹತ್ತಾರು ವರ್ಷ ಹಂಗೇ ಉಳಿಯುತ್ತೆ, ಅಲ್ಲಿ ಮೇಯೋ ದನಕ್ಕೂ ಅಪಾಯ, ಮುಟ್ಟಿದೋರಿಗೂ ಅಪಾಯ. ಮೂಗು, ಬಾಯಿಂದ ರಕ್ತ ಸೋರಿದ್ರಂತೂ ಹತ್ರ ಹೋಗ್ಲೇಬೇಡಿ.

ಈ ಮಳೆಗಾಲ ನಮ್ಮನೆಲಿ, ಕೆಲಸದವರಲ್ಲಿ ಯಾರಿಗೂ ಇಲಿ ಜ್ವರ ಬರ್ಲಿಲ್ಲ. ಬೂಟಿಂದ್ಲೇ ಅಂತ ನಾನು ಹೇಳಲ್ಲ, ಚರಂಡಿ ಪಕ್ಕದ ಬಿಲ ಮುಚ್ಚಿಸಿದ್ವಿ, ಹಿಂಡಿ ಮೂಟೆ ಡ್ರಮ್ಮಿಗೆ ಹಾಕಿದ್ವಿ, ನಾಯಿಗೆ ಲೆಪ್ಟೋ ಸೇರಿರೋ ಲಸಿಕೆ ಹಾಕಿಸಿದ್ವಿ. ಮುಂಚಿತವಾಗಿ ನುಂಗೋ ಮಾತ್ರೆ ವಿಚಾರ ಕೇಳ್ತಾರೆ, ಡಾಕ್ಸಿಸೈಕ್ಲಿನ್ ಅಂತ, ಕೇರಳದಲ್ಲಿ 2018ರ ನೆರೆ ಟೈಮಲ್ಲಿ ಕೊಟ್ಟಿದ್ರು, ಆದ್ರೆ ಅದನ್ನ ಡಾಕ್ಟ್ರು ಹೇಳ್ದೆ ಮೆಡಿಕಲ್ ಶಾಪಿಂದ ತಂದು ನುಂಗಬೇಡಿ, ಬಸುರಿಯರಿಗೆ, ಚಿಕ್ಕ ಮಕ್ಕಳಿಗೆ ಬೇಡ್ವೇ ಬೇಡ.

ಬೂಟಿಗೆ ಐದಕ್ಕೆ ಮೂರೂವರೆ ಕೊಡ್ತೀನಿ. ಮೊನ್ನೆ ಕರಿಮೆಣಸಿನ ಬಳ್ಳಿ ಔಷಧಿಗೆ ಹೋದಾಗ ಸೈಜ್ 4 ಎರಡು, ಸೈಜ್ 5 ಎರಡು ಅಂತ ಚೀಟಿ ಬರೆದು 500 ಅಡ್ವಾನ್ಸ್ ಕೊಟ್ಟು ಬಂದಿದೀನಿ, ಮೇ ಒಳಗೆ ತರಿಸ್ತೀನಿ ಅಂದಿದಾರೆ. ಅದೇ ಚೀಟಿ ಕೆಳಗೆ ಪಕ್ಕದ ತೋಟದವರೂ ಮೂರು ಜೊತೆ ಬರೆಸಿದ್ರು.