ನೀಲಿ ಪರದೆ ಕಂಡ ಕೂಡಲೇ ಹಾರ್ಡ್ ಡಿಸ್ಕ್ ಬದಲಿಸಬೇಡಿ, ಐದು ಸಾವಿರ ಕಳೆದುಕೊಂಡು ಹೇಳುತ್ತಿದ್ದೇನೆ

ಕಂಪ್ಯೂಟರ್ ಪದೇ ಪದೇ ನೀಲಿ ಪರದೆ ತೋರಿಸಿ ಬಂದ್ ಆಗುತ್ತಿದೆಯೇ? ಅದನ್ನು ಹೊತ್ತುಕೊಂಡು ಅಂಗಡಿಗೆ ಓಡುವ ಮೊದಲು ಇದನ್ನು ಓದಿ. ನನ್ನ ಐದು ಸಾವಿರ ರೂಪಾಯಿ ಹೋಯಿತು. ಮೂರು ವರ್ಷದ ಕೆಲಸದ ಫೈಲುಗಳು ಕೈತಪ್ಪಿದವು. ಕೆಟ್ಟಿದ್ದದ್ದು ಒಂದು ಡ್ರೈವರ್ ಮಾತ್ರ, ಅಂದರೆ ಯಂತ್ರದ ಒಂದು ಭಾಗವನ್ನು ವಿಂಡೋಸ್ ಜೊತೆ ಮಾತಾಡಿಸುವ ಸಣ್ಣ ಸಾಫ್ಟ್‌ವೇರ್!

ಕಲಬುರಗಿಯಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ. ಮದುವೆ ಪತ್ರಿಕೆ, ಜಾತ್ರೆಯ ಕರಪತ್ರ, 'ನುಡಿ' ತಂತ್ರಾಂಶದಲ್ಲಿ ಕನ್ನಡ ಟೈಪಿಂಗ್. ಮದುವೆಗಳ ಕಾಲ ಶುರುವಾಗುವ ಮುಂಚೆ, ಕಂಪ್ಯೂಟರ್ ನಿಧಾನವಾಗಿದೆಯೆಂದು ಇಲ್ಲಿನ ಒಂದು ರಿಪೇರಿ ಅಂಗಡಿಗೆ ಕೊಟ್ಟೆ. ಅಲ್ಲಿಯ ಹುಡುಗ ಪೆನ್‌ಡ್ರೈವ್ ಹಾಕಿ, "ಎಲ್ಲ ಡ್ರೈವರ್ ಹೊಸದು ಹಾಕಿದ್ದೇನೆ ಅಣ್ಣ" ಎಂದ. ಮರುದಿನವೇ ಕಾಟ ಶುರುವಾಯಿತು. ಮರುದಿನವೇ! ಆಗಲೇ ನನಗೆ ಹೊಳೆಯಬೇಕಿತ್ತು.

ವಧುವಿನ ತಂದೆ ಕೌಂಟರಿಗೆ ಮೊಣಕೈಯೂರಿ, ಬೀಗರ ಹೆಸರಿನಲ್ಲಿ ತಪ್ಪಿದ್ದ ಒತ್ತಕ್ಷರವನ್ನು ತೋರಿಸುತ್ತಿದ್ದರು. ಪರದೆ ಒಮ್ಮೆ ಕಪ್ಪಾಗಿ ನೀಲಿಗೆ ತಿರುಗಿತು. 'ವಿಡಿಯೊ ಟಿಡಿಆರ್ ಫೇಲ್ಯೂರ್' ಎಂಬ ಸಾಲು, ಜೊತೆಗೆ 'ಐಜಿಡಿಕೆಎಂಡಿ64' ಎಂಬ ಫೈಲಿನ ಹೆಸರು. ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡೆ.

ರಿಪೇರಿ ಅಂಗಡಿಯವನು ಫೋಟೊ ಕಡೆ ತಿರುಗಿಯೂ ನೋಡಲಿಲ್ಲ. "ರ್‍ಯಾಮ್ ಹೋಗಿದೆ" ಎಂದ. 1,900 ರೂಪಾಯಿ. ಎರಡೇ ದಿನ, ಮತ್ತೆ ನೀಲಿ. "ಹಾಗಾದರೆ ಹಾರ್ಡ್ ಡಿಸ್ಕ್ ಹೋಗಿದೆ." ಅದರ ಬದಲಿಗೆ ಎಸ್‌ಎಸ್‌ಡಿ ಎಂಬ ಹೊಸ ಬಗೆಯ ಡಿಸ್ಕಿಗೆ 2,600, ಕೂಲಿ 500. "ನನ್ನ ಫೈಲುಗಳು?" ಎಂದೆ. "ಡಿಸ್ಕ್ ಸತ್ತಿದೆ ಅಣ್ಣ, ಏನೂ ಸಿಗುವುದಿಲ್ಲ." ಒಮ್ಮೆ ಜೋಡಿಸಿ ತೋರಿಸು ಎಂದು ಕೇಳುವ ಬುದ್ಧಿ ನನಗೆ ಬರಲಿಲ್ಲ. ನಂಬಿದೆ. ಹಳೆಯ ಡಿಸ್ಕನ್ನು ಅಲ್ಲಿಯೇ ಬಿಟ್ಟು ಬಂದೆ.

ಮೂರನೆಯ ರಾತ್ರಿ ಹನ್ನೊಂದು ಗಂಟೆಗೆ ಅದೇ ನೀಲಿ ಪರದೆ. ಹಳೆಯ ಫೋಟೊ ಪಕ್ಕಕ್ಕೆ ಹಿಡಿದು ಅಕ್ಷರ ಅಕ್ಷರ ಹೋಲಿಸಿದೆ. ಅದೇ ಸಾಲು, ಅದೇ ಫೈಲು. ರ್‍ಯಾಮ್ ಹೊಸದು, ಡಿಸ್ಕ್ ಹೊಸದು, ಫೈಲು ಮಾತ್ರ ಅದೇ! ಮೈಯೆಲ್ಲ ಉರಿಯಿತು. ಹೆಂಡತಿಗೆ ಹೇಳಲು ನಾಚಿಕೆಯಾಗಿ ಕತ್ತಲಲ್ಲಿ ಸುಮ್ಮನೆ ಕುಳಿತೆ.

ಬೀದರಿನಲ್ಲಿ ಎಂಜಿನಿಯರಿಂಗ್ ಓದುವ ಅಕ್ಕನ ಮಗನಿಗೆ ಫೋಟೊ ಕಳಿಸಿದೆ. "ಮಾಮಾ, ಅದು ಪರದೆಗೆ ಚಿತ್ರ ಕೊಡುವ ಇಂಟೆಲ್ ಗ್ರಾಫಿಕ್ಸ್ ಡ್ರೈವರಿನ ಹೆಸರು. ಮೊದಲು ಅದನ್ನೇ ನೋಡಬೇಕಿತ್ತು" ಎಂದ. ಗ್ರಾಫಿಕ್ಸ್‌ನಿಂದ ಎರಡು ಸೆಕೆಂಡಿನಲ್ಲಿ ಉತ್ತರ ಬಾರದಿದ್ದರೆ ವಿಂಡೋಸ್ ಆ ಡ್ರೈವರನ್ನು ಮತ್ತೆ ಎಬ್ಬಿಸಲು ನೋಡುತ್ತದಂತೆ, ಅದು ಏಳದಿದ್ದರೆ ಇಡೀ ಯಂತ್ರವನ್ನೇ ನಿಲ್ಲಿಸುತ್ತದಂತೆ. ಶಿಫ್ಟ್ ಒತ್ತಿಕೊಂಡು ರೀಸ್ಟಾರ್ಟ್ ಮಾಡಿಸಿ, ತೀರಾ ಬೇಕಾದಷ್ಟನ್ನೇ ಎಬ್ಬಿಸುವ ಸೇಫ್ ಮೋಡ್‌ಗೆ ಕರೆದೊಯ್ದ. ಅಲ್ಲಿ ಆ ಡ್ರೈವರ್ ಏಳುವುದಿಲ್ಲ. ಮರುದಿನ ಮಧ್ಯಾಹ್ನದವರೆಗೂ ಯಂತ್ರ ಒಮ್ಮೆಯೂ ನಿಲ್ಲಲಿಲ್ಲ. ಆಮೇಲೆ ಯಂತ್ರದ ಭಾಗಗಳ ಪಟ್ಟಿ ತೋರಿಸುವ ಡಿವೈಸ್ ಮ್ಯಾನೇಜರಿನಲ್ಲಿ ಆ ಡ್ರೈವರನ್ನು ಫೈಲು ಸಮೇತ ಅಳಿಸಿ, ಕಂಪ್ಯೂಟರ್ ತಯಾರಿಸಿದ ಕಂಪನಿಯ ತಾಣದಿಂದ ನನ್ನ ಮಾಡೆಲ್ಲಿನ ಡ್ರೈವರನ್ನೇ ಹಾಕಿದೆವು. ಇಪ್ಪತ್ತು ದಿನವಾಯಿತು, ನೀಲಿ ಬಣ್ಣ ಕಂಡಿಲ್ಲ. ಮೊದಲ ದಿನವೇ ಆಗಿದ್ದರೆ ಹಳೆಯ ಡ್ರೈವರಿಗೆ ಮರಳಿಸುವ 'ರೋಲ್ ಬ್ಯಾಕ್ ಡ್ರೈವರ್' ಒತ್ತಿದ್ದರೂ ಸಾಕಾಗುತ್ತಿತ್ತಂತೆ. ಆದರೆ ಹೊಸ ಡಿಸ್ಕಿಗೂ ರಿಪೇರಿಯವನು ಅದೇ ಪೆನ್‌ಡ್ರೈವಿನ ಡ್ರೈವರ್ ಹಾಕಿದ್ದ. ಹಿಂದಿರುಗಲು ಹಳೆಯ ಡ್ರೈವರೇ ಇರಲಿಲ್ಲ.

ರಿಪೇರಿ ಅಂಗಡಿಗೆ ಕೇಳಲು ಹೋದೆ. "ಸಾಫ್ಟ್‌ವೇರಿಗೆ ಗ್ಯಾರಂಟಿ ಇಲ್ಲ ಅಣ್ಣ." "ನೀವೇ ಏನೋ ಡೌನ್‌ಲೋಡ್ ಮಾಡಿರುತ್ತೀರಿ." ಕೊನೆಗೆ ಇನ್ನೊಂದು: "2024ರಲ್ಲಿ ವಿಮಾನ ನಿಲ್ದಾಣಗಳ ಕಂಪ್ಯೂಟರ್‌ಗಳೇ ನೀಲಿಯಾಗಿ ನಿಂತವು, ನಿಮ್ಮದೇನು ದೊಡ್ಡದು?" ಅಂದು, ಜುಲೈ 19ರಂದು, ಕ್ರೌಡ್‌ಸ್ಟ್ರೈಕ್ ಎಂಬ ಕಂಪ್ಯೂಟರ್ ಭದ್ರತಾ ಕಂಪನಿಯ ಕೆಟ್ಟ ಅಪ್‌ಡೇಟಿನಿಂದ ನಿಂತವು ಸುಮಾರು 85 ಲಕ್ಷ ಯಂತ್ರಗಳೆಂದು ಮೈಕ್ರೋಸಾಫ್ಟ್ ಹೇಳಿತ್ತು. ಅಲ್ಲಿ ಯಾರಾದರೂ ಹಾರ್ಡ್ ಡಿಸ್ಕ್ ಬದಲಿಸಿದರೇ? ಸೇಫ್ ಮೋಡ್‌ಗೆ ಹೋಗಿ ಒಂದು ಫೈಲು ಅಳಿಸಿದರು! ಇದನ್ನು ಅವನ ಮುಖಕ್ಕೇ ಹೇಳಿದೆ. ಬೇರೆ ಗಿರಾಕಿಯ ಕಡೆ ತಿರುಗಿಕೊಂಡ.

ನೀಲಿ ಪರದೆಯ ಫೋಟೊ ತೆಗೆಯಿರಿ, ಫೈಲಿನ ಹೆಸರು ಓದಿ. ಪೆನ್‌ಡ್ರೈವಿನಿಂದ ಡ್ರೈವರ್ ಹಾಕಲು ಯಾರಿಗೂ ಬಿಡಬೇಡಿ. ಕಳಚಿದ ಭಾಗವನ್ನು ಅಂಗಡಿಯಲ್ಲಿ ಬಿಟ್ಟು ಬರಬೇಡಿ, ದಯವಿಟ್ಟು ಬಿಟ್ಟು ಬರಬೇಡಿ. ನನ್ನ ಡಿಸ್ಕ್ ಕೇಳಿದರೆ "ಹುಡುಕಿ ನೋಡುತ್ತೇನೆ, ಮುಂದಿನ ವಾರ ಬನ್ನಿ" ಎನ್ನುತ್ತಾನೆ. ಎರಡು ವಾರವಾಯಿತು. ನಾಳೆ ಅಂಗಡಿ ತೆರೆಯುವ ಹೊತ್ತಿಗೆ ಬಿಲ್ಲು ಹಿಡಿದು ಮತ್ತೆ ಹೋಗುತ್ತೇನೆ.